ಹಳೇಮಗನಿಗೆ ವಿಮೆ ಇತ್ತೇ?

ನಾವು ಮಂಡ್ಯದ ಹಾಸ್ಟೆಲಿನಲ್ಲಿದ್ದು ಓದಿದವರು. ಒಂದು ಕೋಣೆಗೆ ಆರು ಜನ. ಮದ್ದೂರಿನ ಕಡೆಯವರು ಇಬ್ಬರು, ಮಳವಳ್ಳಿಯ ಕಡೆಯವರು ಮೂವರು, ಮಂಡ್ಯ ತಾಲ್ಲೂಕಿನವನು ಒಬ್ಬ. ನಮ್ಮ ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲು. ಬಿ.ಕಾಂ. ಓದುತ್ತಿದ್ದವರ ಚೀಲದಲ್ಲಿ ವಿಮೆಯ ಪುಸ್ತಕ ಇತ್ತು. ಬಿ.ಎ. ಓದುತ್ತಿದ್ದವರ ಚೀಲದಲ್ಲಿ ಗ್ರಾಮೀಣ ಸಮಾಜಶಾಸ್ತ್ರದ ಪುಸ್ತಕ ಇತ್ತು. ಪರೀಕ್ಷೆ ಹತ್ತಿರ ಬಂದಾಗ ಗಟ್ಟಿಯಾಗಿ ಓದೋದು ನಮ್ಮ ರೂಢಿ. ಒಬ್ಬ ಓದಿದ್ದು ಆರು ಜನರ ಕಿವಿಗೂ ಬೀಳುತ್ತಿತ್ತು. ಹಾಗೆ ಬಿದ್ದಾಗಲೇ ಗೊತ್ತಾಗಿದ್ದು, ಈ ಎರಡು ಪುಸ್ತಕಗಳೂ ಒಂದರ ಮುಖ ಒಂದು ನೋಡಿಯೇ ಇಲ್ಲ ಅಂತ.

ವಿಮೆಯ ಪುಸ್ತಕದ ಮೊದಲ ಪಾಠದಲ್ಲಿ ಒಂದು ಮಾತು ಬರುತ್ತದೆ: ವಿಮಾ ಹಿತಾಸಕ್ತಿ. ಯಾವುದು ಹಾಳಾದರೆ, ಯಾರು ಸತ್ತರೆ ನಿನಗೆ ಹಣದ ನಷ್ಟ ಆಗುತ್ತದೋ ಅದರ ಮೇಲೆ, ಅವರ ಮೇಲೆ ಮಾತ್ರ ನೀನು ವಿಮೆ ಮಾಡಿಸಬಹುದು. ಗಂಡನಿಗೆ ಹೆಂಡತಿಯ ಜೀವದ ಮೇಲೆ ಹಿತಾಸಕ್ತಿ ಇದೆ. ಮನೆಯ ಯಜಮಾನನಿಗೆ ಮನೆಯ ಮೇಲೆ ಇದೆ. ಸಾಲ ಕೊಟ್ಟವನಿಗೆ ಸಾಲ ತಗೊಂಡವನ ಜೀವದ ಮೇಲೆ, ಆ ಸಾಲದ ಮೊತ್ತದಷ್ಟು ಇದೆ. ಇಷ್ಟು ಓದುವಷ್ಟರಲ್ಲಿ ಮಳವಳ್ಳಿ ಕಡೆಯ ಗೆಳೆಯ ಎದ್ದು ಕೂತ. ಅವನ ತಾತ ಮುನ್ನೂರು ರೂಪಾಯಿ ಸಾಲಕ್ಕೆ ಜೀತ ಇದ್ದವನು.

"ಅಂಗಾದ್ರೆ ನಮ್ ತಾತನ್ ಜೀವದ್ ಮ್ಯಾಲೆ ಗೌಡ್ರು ಇನ್ಸೂರೆನ್ಸ್ ಮಾಡಿಸ್ಬೋದಾಗಿತ್ತು ಕಣ್ರಲಾ!"

ಎಲ್ಲರೂ ನಕ್ಕೆವು. ನಕ್ಕು ಸುಮ್ಮನಾದೆವು. ತಾತ ತನ್ನ ಬೆಳೆಗೆ ವಿಮೆ ಮಾಡಿಸುವ ಹಾಗಿರಲಿಲ್ಲ, ಬೆಳೆ ಅವನದಲ್ಲ. ಮನೆಗೆ ಮಾಡಿಸುವ ಹಾಗಿರಲಿಲ್ಲ, ಆ ಗುಡಿಸಲಿಗೆ ಕಾಗದ ಇಲ್ಲ. ಆದರೆ ಅವನನ್ನು ಹಿಡಿದಿಟ್ಟುಕೊಂಡವನಿಗೆ ಅವನ ಮೇಲೆ ಹಿತಾಸಕ್ತಿ ಇತ್ತು. ಈ ಬರಹ ಆ ರಾತ್ರಿಯ ನಗೆಯಿಂದ ಹುಟ್ಟಿದ್ದು. ನಾವು ಕೇಳುತ್ತಿರುವುದು ಇಷ್ಟೇ: ಯಾರ ನಷ್ಟವನ್ನು ಈ ಸಮಾಜ ನಷ್ಟ ಅಂತ ಬರೆದುಕೊಂಡಿದೆ?

ಇದು ನಮ್ಮ ಸೀಮೆಯ ಪ್ರಶ್ನೆ ಮಾತ್ರ ಅಲ್ಲ. 1781ರಲ್ಲಿ ಜಾಂಗ್ ಅನ್ನುವ ಇಂಗ್ಲಿಷ್ ಹಡಗು ಆಫ್ರಿಕಾದ ಗುಲಾಮರನ್ನು ತುಂಬಿಕೊಂಡು ಜಮೈಕಾ ಕಡೆಗೆ ಹೊರಟಿತ್ತು. ಕುಡಿಯುವ ನೀರು ಸಾಲದು ಅಂತ ನೆವ ಹೇಳಿ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಆಮೇಲೆ ಹಡಗಿನ ಮಾಲೀಕರು ವಿಮೆಯವರ ಹತ್ತಿರ ಪರಿಹಾರ ಕೇಳಿದರು! 1783ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ವಾದ ನಡೆದದ್ದು ಕೊಲೆಯ ಬಗ್ಗೆ ಅಲ್ಲ, ಸರಕು ನಷ್ಟದ ಬಗ್ಗೆ. ಸತ್ತವರು ಸತ್ತವರಾಗಿ ಲೆಕ್ಕಕ್ಕೆ ಬರಲಿಲ್ಲ, ಮಾಲಾಗಿ ಬಂದರು. ವಿಮೆಯ ಚರಿತ್ರೆಯನ್ನು ಹಡಗು ವ್ಯಾಪಾರದಿಂದ ಶುರುಮಾಡುವ ಪಾಠಗಳು ಈ ಹಡಗಿನ ಹೆಸರನ್ನೂ ಹೇಳಬೇಕು.

1

ನಮ್ಮ ಸಂಸ್ಥಾನದ ಕಥೆಗೆ ಬರೋಣ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಬರ ತಿಂದುಹಾಕಿತು. ಧಾತು, ಈಶ್ವರ ಸಂವತ್ಸರಗಳ ಬರ ಅದು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಏರಬೇಕಾಗಿದ್ದ ಲೆಕ್ಕ ಸುಮಾರು 8 ಲಕ್ಷ 70 ಸಾವಿರದಷ್ಟು ಇಳಿದಿತ್ತು. ಬರದಲ್ಲಿ ಮೊದಲು ಬೀಳುವವನು ಯಾರು? ಕಣಜ ಇದ್ದವನಲ್ಲ. ಇವತ್ತು ದುಡಿದು ಇವತ್ತು ತಿನ್ನುವವನು.

ಆ ಬರ ಕಳೆದು ಹದಿಮೂರು ವರ್ಷಕ್ಕೆ, 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರು ಸರ್ಕಾರವೇ ಜೀವವಿಮೆಯನ್ನು ಶುರುಮಾಡಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ. ಖಾಸಗಿ ಕಂಪನಿಗಳ ಕಾಲದಲ್ಲಿ ಒಂದು ಸರ್ಕಾರ ಇಂಥ ಕೆಲಸಕ್ಕೆ ಕೈಹಾಕಿದ್ದು ದೊಡ್ಡ ಸಂಗತಿಯೇ. ಆದರೆ ಯಾರಿಗೆ? ಸರ್ಕಾರಿ ನೌಕರರಿಗೆ. ತಿಂಗಳ ಸಂಬಳದಲ್ಲಿ ಕಂತು ಹಿಡಿದುಕೊಳ್ಳಬೇಕಲ್ಲ! ಸಂಬಳ ಇದ್ದವನಿಗೆ ವಿಮೆ. ಸಂಬಳ ಯಾರಿಗಿತ್ತು? ಸರ್ಕಾರಿ ಹುದ್ದೆಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿ ಸೇರಿಕೊಂಡಿವೆ ಅನ್ನುವ ಕೂಗು ಎದ್ದು, 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಆ ಸಮಿತಿಯ ಚರಿತ್ರೆಯನ್ನೂ ಈ ವಿಮೆಯ ಚರಿತ್ರೆಯನ್ನೂ ಒಟ್ಟಿಗಿಟ್ಟು ಓದಿದರೆ ಸಂಸ್ಥಾನ ಯಾರ ಜೀವಕ್ಕೆ ಬೆಲೆ ಕಟ್ಟಿತ್ತು ಅಂತ ಕಾಣುತ್ತದೆ.

ಒಂದು ಮಾತು ಮರೆಯಬಾರದು. ತೋಟಿ, ತಳವಾರ, ನೀರಗಂಟಿ ಇವರೂ ಸರ್ಕಾರದ ಕೆಲಸ ಮಾಡುತ್ತಿದ್ದವರೇ. ಕಂದಾಯ ವಸೂಲಿಗೆ ಊರು ಸುತ್ತಿ ಸಾರಿದವನು ತೋಟಿ. ಸಾಹೇಬರ ಸಾಮಾನು ಹೊತ್ತವನು ತೋಟಿ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅಳೆದು ಬಿಟ್ಟು, ಬರದಲ್ಲೂ ಇಡೀ ಬಯಲನ್ನು ಉಳಿಸಿದವನು ನೀರಗಂಟಿ. ಅಪಾಯ ನಿರ್ವಹಣೆ ಅಂತ ಇಂದು ಯಾವುದಕ್ಕೆ ಡಿಗ್ರಿ ಕೊಡುತ್ತಾರೋ ಆ ಕೆಲಸವನ್ನು ಅವನು ಕೆರೆ ಏರಿಯ ಮೇಲೆ ನಿಂತು ಮಾಡಿದ. ಅವನಿಗೆ ಸಂಬಳ ಇಲ್ಲ, ತುಂಡು ಇನಾಮು ಜಮೀನು ಮತ್ತು ಕಣದಲ್ಲಿ ಒಂದು ಪಾಲು. 1961ರ ಕಾಯಿದೆ ಆ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆಯುವವರೆಗೂ ಹುಟ್ಟೇ ಅವನ ನೇಮಕದ ಆದೇಶವಾಗಿತ್ತು.

2

ಈಗ ಹಾಸ್ಟೆಲಿನ ಎರಡನೇ ಪುಸ್ತಕ. ಗ್ರಾಮೀಣ ಸಮಾಜಶಾಸ್ತ್ರದಲ್ಲಿ ಮಂಡ್ಯ ಸೀಮೆಗೆ ದೊಡ್ಡ ಹೆಸರಿದೆ ಅಂದರೆ ನಮ್ಮೂರಿನವರೇ ನಂಬೋದಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಹೆಣ್ಣುಮಗಳು 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ವಿಯೆನ್ನಾದಲ್ಲಿ 1922ರಲ್ಲಿ ಹುಟ್ಟಿದ ಯಹೂದಿ, ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದವರು. ಹಳ್ಳಿಗಳಿಗೆ ಅವರು ಇಟ್ಟ ಹೆಸರು ವಂಗಲ ಮತ್ತು ದಲೇನ. ಅವು ನಿಜವಾದ ಹೆಸರುಗಳಲ್ಲ. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನ ಎತ್ತರದಲ್ಲಿದ್ದು ಒಣಗಿಯೇ ಉಳಿದಿತ್ತು. 1962ರಲ್ಲಿ ಅವರ ಪುಸ್ತಕ ಬಂತು. 1973ರಲ್ಲಿ, ಅದೇ ಹಳ್ಳಿಗಳನ್ನು ಮತ್ತೆ ನೋಡಿ ಬರೆದ ಇನ್ನೊಂದು ಬಂತು.

ನಮಗೆ ಮುಖ್ಯವಾಗುವುದು ಅವರು 1967ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ವಂಗಲದಲ್ಲಿ ಒಕ್ಕಲಿಗ ಮನೆಗಳಿಗೂ ಆದಿಕರ್ನಾಟಕ ಮನೆಗಳಿಗೂ ತಲೆತಲಾಂತರದ ನಂಟು ಇತ್ತು. ಇಂಥ ಮನೆಗೆ ಇಂಥವನು ಹಳೇಮಗ. ಅವನು ಆ ಮನೆಯ ಹೊಲದ ಕೆಲಸ ಮಾಡಬೇಕು, ಸತ್ತ ದನ ಸಾಗಿಸಬೇಕು, ಮದುವೆಗೆ ಸೌದೆ ಒಡೆಯಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು. ಸುಗ್ಗಿಯಲ್ಲಿ ಅವನಿಗೆ ಇಷ್ಟು ಅಂತ ಗೊತ್ತುಮಾಡಿದ ಧಾನ್ಯ. ನಮ್ಮ ಕಡೆ ಅದಕ್ಕೆ ಹಡದೆ ಅಂತಾರೆ. ಎಪ್‌ಸ್ಟೈನ್ ಅವರ ವಾದ ಹೀಗೆ: ಬೆಳೆ ಎಷ್ಟೇ ಆಗಲಿ, ಈ ಧಾನ್ಯ ಬದಲಾಗುತ್ತಿರಲಿಲ್ಲ. ಕೆಟ್ಟ ವರ್ಷದಲ್ಲೂ ಹಳೇಮಗನಿಗೆ ಅವನ ಪಾಲು ಸಿಗುತ್ತಿತ್ತು. ಒಳ್ಳೆ ವರ್ಷದಲ್ಲಿ ಹೆಚ್ಚಾದದ್ದು ಒಕ್ಕಲಿಗನಿಗೆ ಹೋಗುತ್ತಿತ್ತು. ಹಾಗಾಗಿ ಬಡವನಿಗೆ ಈ ಪದ್ಧತಿ ಒಂದು ಭದ್ರತೆ. ಒಂದು ಮಾತಿನಲ್ಲಿ ಹೇಳುವುದಾದರೆ, ವಿಮೆ.

ಇದು ಸುಳ್ಳಲ್ಲ. ಆದರೆ ಅರ್ಧ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ಒಕ್ಕಲಿಗನಿಗೆ ಸಾಧಾರಣ ವರ್ಷದಲ್ಲಿ 20 ಪಲ್ಲ ರಾಗಿ ಆಗುತ್ತದೆ ಅನ್ನಿ. ಹಳೇಮಗನಿಗೆ 2 ಪಲ್ಲ. ಮಳೆ ಕೈಕೊಟ್ಟು 10 ಪಲ್ಲ ಆದಾಗಲೂ 2 ಪಲ್ಲ ಕೊಟ್ಟರು. ಸರಿ, ಅದು ರಕ್ಷಣೆಯೇ. ಮಳೆ ಚೆನ್ನಾಗಿ ಹೊಯ್ದು 30 ಪಲ್ಲ ಆದಾಗಲೂ ಅದೇ 2 ಪಲ್ಲ. ಹೆಚ್ಚಿನ 10 ಪಲ್ಲದಲ್ಲಿ ಅವನ ಬೆವರಿಗೆ ಒಂದು ಸೇರೂ ಇಲ್ಲ. ಅಲ್ಲಿಗೆ ಒಳ್ಳೆ ವರ್ಷಗಳ ಪಾಲನ್ನೆಲ್ಲ ಕಂತಾಗಿ ಕಟ್ಟಿದವನು ಹಳೇಮಗನೇ. ಕಂತು ಕಟ್ಟಿದವನು ಅವನಾದರೆ ಪಾಲಿಸಿ ಯಾರ ಹೆಸರಲ್ಲಿತ್ತು? ಕೆಟ್ಟ ವರ್ಷ ಕಳೆದ ಮೇಲೂ ಆಳು ಊರಲ್ಲೇ ಉಳಿದಿರಬೇಕು, ಮುಂದಿನ ಮುಂಗಾರಿಗೆ ಉಳಲು ಕೈ ಬೇಕು. ಆ ಭದ್ರತೆ ಭೂಮಿ ಇದ್ದವನದು. ಇನ್ನು ಧಾತು ವರ್ಷದಂತೆ ಬೆಳೆಯೇ ಇಲ್ಲವಾದಾಗ? ವಿಮೆ ಅನ್ನೋದು ಯಾವಾಗ ಬೇಕೋ ಆಗಲೇ ಈ ವಿಮೆ ಇರಲಿಲ್ಲ.

ಇನ್ನೊಂದು ವ್ಯತ್ಯಾಸ ಇದೆ. ವಿಮೆ ಒಂದು ಕರಾರು. ಬೇಡ ಅನ್ನಿಸಿದರೆ ಕಂತು ನಿಲ್ಲಿಸಿ ಎದ್ದು ಹೋಗಬಹುದು. ಹಳೇಮಗ ಎದ್ದು ಹೋಗುವ ಹಾಗಿರಲಿಲ್ಲ. ಅವನ ಮಗನೂ ಹಳೇಮಗ. ಹುಟ್ಟುವ ಮೊದಲೇ ರುಜು ಬಿದ್ದ ಕರಾರನ್ನು ಯಾವ ಶಾಸ್ತ್ರ ಕರಾರು ಅನ್ನುತ್ತದೆ?

ಈ ಪ್ರಬಂಧದ ಸಾರವನ್ನು ನಾವು ಆ ಗೆಳೆಯನ ತಾತನಿಗೆ ಹೇಳಿದೆವು. ಜಗಲಿ ಮೇಲೆ ಕೂತು ಎಲೆಅಡಿಕೆ ಕುಟ್ಟುತ್ತಿದ್ದರು.

"ತಾತ, ಬರ ಬಂದಾಗ್ಲೂ ಹಡದೆ ಕೊಡ್ತಿದ್ರಂತೆ, ನಿಜ್ವಾ?"

"ಕೊಡ್ತಿದ್ರು ಕನ್ ಮಗ, ಸುಳ್ ಯಾಕೇಳ್ಲಿ. ಎತ್ಗೂ ಹುಲ್ ಹಾಕ್ತಿದ್ರು."

ಕುಟ್ಟಾಣಿಯನ್ನು ಎರಡು ಸಲ ಕುಟ್ಟಿ ಮತ್ತೆ ಹೇಳಿದರು: "ಎತ್ತು ಮಾರ್ಬೇಕಾದ್ರೆ ಸಂತೇಗ್ ಹೊಡ್ಕೊಂಡೋಗ್ಬೇಕು. ನಮ್ಮುನ್ನ ಅಷ್ಟ್ ದೂರ ಹೊಡ್ಕೊಂಡೋಗೋ ತಾಪತ್ರಯ ಇರ್ನಿಲ್ಲ."

ಎಪ್‌ಸ್ಟೈನ್ ಅವರ ಪುಸ್ತಕವನ್ನು ನಾವು ಬಿಸಾಡುವುದಿಲ್ಲ. ನೀರು ಬಂದ ವಂಗಲದಲ್ಲಿ ಹಳೆಯ ನಂಟು ಉಳಿಯಿತು, ನೀರು ಬಾರದ ದಲೇನದಲ್ಲಿ ಜನ ಮಂಡ್ಯಕ್ಕೆ ಕೆಲಸ, ವ್ಯಾಪಾರ ಅಂತ ಹೊರಬಿದ್ದು ನಂಟು ಹರಿಯಿತು ಅನ್ನುವ ಸತ್ಯವನ್ನು ಕಂಡವರು ಅವರೇ. ನೀರು ಬಂದರೆ ಸಾಕು, ಜಾತಿ ತಾನೇ ಕೊಚ್ಚಿಹೋಗುತ್ತದೆ ಅಂತ ನಂಬಿದವರು ಇದನ್ನು ಓದಬೇಕು. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರೂ 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು, ಅದಕ್ಕೆ ರಾಂಪುರ ಅಂತ ಹೆಸರಿಟ್ಟು, 1976ರಲ್ಲಿ ನೆನಪಿನಿಂದ ಪುಸ್ತಕ ಬರೆದರು. ತಾನು ಕಂಡದ್ದು ಮೇಲ್ಜಾತಿಯ ಕಣ್ಣಿನ ಹಳ್ಳಿ ಅಂತ ಅದರಲ್ಲೇ ಒಪ್ಪಿಕೊಂಡರು. ಅದು ದೊಡ್ಡತನ. ಆದರೆ ಆ ಒಪ್ಪಿಗೆಯ ಸಾಲನ್ನು ನಮ್ಮ ನೋಟ್ಸುಗಳಲ್ಲಿ ಯಾರೂ ಬರೆಸಲಿಲ್ಲ.

3

ವಿಮೆಯನ್ನು ಹೊಲಕ್ಕೆ ತರಬೇಕು ಅಂತ ಯಾರೂ ಯೋಚಿಸಲೇ ಇಲ್ಲವೇ? ಯೋಚಿಸಿದವರು ಇದ್ದರು, ಅದೂ ಮೈಸೂರಿನಲ್ಲೇ. ಸಂಸ್ಥಾನದ ಹಣಕಾಸಿನ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲಿ ಕೃಷಿ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯೋದು ಆಗದ ಮಾತು. ಅದರ ಬದಲು ಮಳೆಯನ್ನೇ ಅಳೆಯಿರಿ. ಒಂದು ಪ್ರದೇಶದಲ್ಲಿ ಮಳೆ ಗೊತ್ತಾದ ಮಟ್ಟಕ್ಕಿಂತ ಕಡಿಮೆ ಬಿದ್ದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ ಕೊಡಿ. ಇದು ಅವರ ಯೋಜನೆಯ ತಿರುಳು. ಇದಕ್ಕಾಗಿ 1870ರಿಂದ 1914ರವರೆಗಿನ ಮಳೆಯ ಲೆಕ್ಕವನ್ನು ಕೂತು ನೋಡಿದ್ದರು. ಯೋಜನೆ ಕಾಗದದಲ್ಲೇ ಉಳಿಯಿತು. ಅಂಥದೇ ಹವಾಮಾನ ಆಧಾರಿತ ಬೆಳೆ ವಿಮೆ ಕರ್ನಾಟಕದ ಹೊಲಗಳಿಗೆ ಪ್ರಯೋಗವಾಗಿ ಬಂದದ್ದು 2007ರ ಮುಂಗಾರಿನಲ್ಲಿ. ನಡುವೆ 87 ವರ್ಷ!

ಮಳೆಗೆ ವಿಮೆ ಬರಲಿಲ್ಲ, ನಾಲೆ ಬಂತು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಗಿ, 1930ರ ದಶಕದ ಮೊದಲಲ್ಲಿ ಇರ್ವಿನ್ ನಾಲೆಯ ನೀರು ಹರಿಯಿತು. ಈಗ ಅದು ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ನಾಲೆಯೂ ಒಂದು ವಿಮೆಯೇ: ಮಳೆ ಹೋದರೂ ಬೆಳೆ ಉಳಿಸುವ ವಿಮೆ. ಆದರೆ ಇದರ ಪಾಲಿಸಿಯೂ ಭೂಮಿಯ ಹೆಸರಿನಲ್ಲೇ. ಎಷ್ಟು ಗದ್ದೆಯೋ ಅಷ್ಟು ನೀರು. ಗದ್ದೆ ಇಲ್ಲದವನಿಗೆ ಬಂದದ್ದು ಕಬ್ಬು ಕಡಿಯುವ ಕೂಲಿ, ಆಲೆಮನೆಯ ಬೆಂಕಿ. ಮದ್ದೂರು, ಮಳವಳ್ಳಿಯಲ್ಲಿ ನಾಲೆಯ ಕೊನೆಯಂಚಿನವರ ಪಾಡಂತೂ ಮೇಲಿನವರ ಕರುಣೆ. ಕಾವೇರಿ ಜಗಳ ಎದ್ದು ನಾಲೆಗೆ ನೀರು ನಿಂತ ವರ್ಷಗಳಲ್ಲಿ ಬೆಳೆ ಕಳೆದುಕೊಂಡ ರೈತ ಹೆದ್ದಾರಿಯಲ್ಲಿ ಕೂರುತ್ತಾನೆ. ಕೂರಲಿ, ಅದು ಅವನ ನ್ಯಾಯ. ನಾಟಿಯೇ ಇಲ್ಲದ ಆ ವರ್ಷ ನಾಟಿ ಹಾಕುವ ನಮ್ಮ ಅವ್ವಂದಿರ ಕೂಲಿ ಎಷ್ಟು ದಿನ ಹೋಯಿತು? ಅದನ್ನು ಬರೆದುಕೊಳ್ಳುವ ಪುಸ್ತಕ ಯಾವ ಕಚೇರಿಯಲ್ಲಿದೆ?

4

ಬಾಬಾಸಾಹೇಬರು ಈ ಗಂಟನ್ನು ಬುಡದಲ್ಲೇ ಹಿಡಿದಿದ್ದರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರಲ್ಲಿ, 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಅನ್ನುವ ಮನವಿಯಲ್ಲಿ ಅವರು ಮುಂದಿಟ್ಟದ್ದು ಏನು? ವಿಮೆ ಸರ್ಕಾರದ ಏಕಸ್ವಾಮ್ಯ ಆಗಬೇಕು. ವಯಸ್ಕರಾದ ಪ್ರತಿಯೊಬ್ಬರೂ ಅವರವರ ಕೂಲಿಗೆ ತಕ್ಕಂತೆ ಜೀವವಿಮೆ ಮಾಡಿಸುವ ಹಾಗೆ ಸರ್ಕಾರ ಕಡ್ಡಾಯ ಮಾಡಬೇಕು. ಅದೇ ಉಸಿರಿನಲ್ಲಿ ಇನ್ನೊಂದು: ಭೂಮಿ ಸರ್ಕಾರದ್ದಾಗಬೇಕು, ಜಾತಿಭೇದ ಇಲ್ಲದೆ ಹಳ್ಳಿಗರಿಗೆ ಒಟ್ಟಾಗಿ ಉಳಲು ಕೊಡಬೇಕು. ಅವರು ವಿಮೆಯನ್ನೂ ಭೂಮಿಯನ್ನೂ ಒಂದೇ ಹಾಳೆಯಲ್ಲಿ ಬರೆದರು. ಆಸ್ತಿಗೆ ತಕ್ಕ ವಿಮೆ ಅನ್ನದೆ ಕೂಲಿಗೆ ತಕ್ಕ ವಿಮೆ ಅಂದರು. ಭೂಮಿ ಹಂಚದೆ ವಿಮೆ ತಂದರೆ ಅದು ಭೂಮಿ ಇದ್ದವನ ಕಾವಲು ಆಗುತ್ತದೆ ಅನ್ನುವ ಪಾಠವನ್ನು ನಾವು ಆ ಹಾಳೆಯಿಂದ ಕಲಿಯುತ್ತೇವೆ.

ಆದದ್ದು ಅರ್ಧ. 1956ರ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳು ಸೇರಿ ಜೀವವಿಮಾ ನಿಗಮ ಆಯಿತು. 1973ರಲ್ಲಿ ಸಾಮಾನ್ಯ ವಿಮೆಯೂ ಸರ್ಕಾರದ್ದಾಯಿತು. 1999ರ ಕಾಯಿದೆ ಬಂದ ಮೇಲೆ ಖಾಸಗಿಯವರಿಗೆ ಬಾಗಿಲು ತೆರೆಯಿತು. ಕೂಲಿಗೆ ತಕ್ಕ ವಿಮೆ ಮಾತ್ರ ಬಾಬಾಸಾಹೇಬರ ಹಾಳೆಯಲ್ಲೇ ಉಳಿಯಿತು. ಜೀತವನ್ನು ಅಳಿಸುವ ಕಾಯಿದೆ 1976ರಲ್ಲಿ ಬಂದು ಜೀತದ ಸಾಲಗಳನ್ನೆಲ್ಲ ರದ್ದುಮಾಡಿತು. ತಾತನ ಜೀವದ ಮೇಲೆ ಒಡೆಯನಿಗಿದ್ದ ಹಿತಾಸಕ್ತಿ ಕಾನೂನಿನಲ್ಲಿ ಸತ್ತದ್ದು ಅವತ್ತು.

ಬೆಳೆ ವಿಮೆಯ ಕಥೆ ನೋಡಿ. 1985ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮೊದಲ ದೊಡ್ಡ ಯೋಜನೆ ಬಂದಾಗ ಅದು ಬೆಳೆಸಾಲ ತಗೊಂಡವರಿಗೆ ಮಾತ್ರ. ಬೆಳೆ ಹೋದರೆ ಮೊದಲು ಉಳಿಯುವುದು ಬ್ಯಾಂಕಿನ ಸಾಲ. ಮತ್ತೆ ಅದೇ ಸಾಲ ಕೊಟ್ಟವನ ಹಿತಾಸಕ್ತಿ! 1999ರಲ್ಲಿ ಯೋಜನೆಯ ಹೆಸರು ಬದಲಾಯಿತು, ಸಾಲ ಇಲ್ಲದವರಿಗೂ ಬಾಗಿಲು ತೆರೆಯಿತು. 2016ರಲ್ಲಿ ಫಸಲ್ ಬಿಮಾ ಬಂತು. ಮುಂಗಾರಿನ ಭತ್ತ, ರಾಗಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ ನೂರಕ್ಕೆ 2 ಮಾತ್ರ, ಉಳಿದದ್ದು ಸರ್ಕಾರಗಳ ಪಾಲು. ಒಳ್ಳೆಯದೇ. ಆದರೆ ಪಹಣಿ ಬೇಕು. ನಮ್ಮ ಕೇರಿಯವರು ಎಷ್ಟೋ ಜನ ಬಾಯಿಮಾತಿನ ಗುತ್ತಿಗೆಗೆ, ವಾರಕ್ಕೆ ಉಳುವವರು. ಭೂಸುಧಾರಣೆ ಕಾಯಿದೆ ಗೇಣಿಯನ್ನೇ ನಿಷೇಧಿಸಿದ ಮೇಲೆ ಅದನ್ನು ಕಾಗದದ ಮೇಲೆ ಬರೆದುಕೊಡುವವರು ಯಾರು? ಉತ್ತವನು ಒಬ್ಬ, ಪಹಣಿಯವನು ಇನ್ನೊಬ್ಬ, ಪರಿಹಾರ ಪಹಣಿಗೆ. ಇನ್ನು ಕಳೆ ಕಿತ್ತವಳು, ಕುಯ್ಲು ಮಾಡಿದವಳು ಆ ಅರ್ಜಿಯ ಯಾವ ಕಲಮಿನಲ್ಲೂ ಇಲ್ಲ.

2015ರಲ್ಲಿ ಮಂಡ್ಯದಲ್ಲಿ ಸಾಲಕ್ಕೆ ಸಿಕ್ಕಿ ಕಬ್ಬು ಬೆಳೆಗಾರರು ಜೀವ ಬಿಟ್ಟಾಗ ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು. ಸತ್ತ ರೈತರ ಬಗ್ಗೆ ನಮಗೆ ಕೊಂಕಿಲ್ಲ. ಅವರಲ್ಲಿ ಹೆಚ್ಚಿನವರು ಒಂದೆರಡು ಎಕರೆಯವರು, ನಮ್ಮ ಪಕ್ಕದಲ್ಲೇ ಬೆವರು ಸುರಿಸಿದವರು. ನಾವು ಕೇಳುವುದು ಬೇರೆ: ಅದೇ ವರ್ಷ ಅದೇ ಗದ್ದೆಯಲ್ಲಿ ಕೂಲಿ ತಪ್ಪಿ, ಬಡ್ಡಿ ಕಟ್ಟಲಾರದೆ ಸತ್ತ ಕೂಲಿಯವನನ್ನು ಯಾವ ಪಟ್ಟಿಗೆ ಸೇರಿಸಿದರು?

ಕೂಲಿಯವನ ಕಳೆದುಹೋದ ದಿನವನ್ನು ನಷ್ಟ ಅಂತ ಈ ದೇಶದ ಶಾಸನ ಒಪ್ಪಿದ್ದು 2005ರ ಉದ್ಯೋಗ ಖಾತ್ರಿ ಕಾಯಿದೆಯಲ್ಲಿ. ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಅದು ಬರೆಯಿತು. ಅದರ ಬೇರು 1970ರ ದಶಕದ ಮಹಾರಾಷ್ಟ್ರದ ಬರದಲ್ಲಿದೆ. ಭತ್ಯೆ ಪಡೆದವರನ್ನು ನಮ್ಮೂರಲ್ಲಿ ನಾವು ಕಂಡಿಲ್ಲ. ಆದರೂ ದಿನ ಹೋದರೆ ನಷ್ಟ ಅನ್ನುವ ಮಾತು ಕಾನೂನಿನ ಬಾಯಲ್ಲಿ ಬಂದದ್ದು ಸಣ್ಣ ಗೆಲುವಲ್ಲ.

5

ಈಗ ವಿಮೆ ನಮ್ಮ ಕೇರಿಗೂ ಬಂದಿದೆ. ಹೇಗೆ ಬಂದಿದೆ ಕೇಳಿ. ನಮ್ಮಲ್ಲೊಬ್ಬನ ಅವ್ವ ಒಂದು ಕಂಪನಿಯಿಂದ ಗುಂಪುಸಾಲ ತಗೊಂಡರು. ಕೈಗೆ ಬಂದ ಹಣದಲ್ಲಿ ಸ್ವಲ್ಪ ಕಡಿಮೆ ಇತ್ತು. ಚೀಟಿ ತಂದು ನಮ್ಮ ಮುಂದೆ ಹಿಡಿದರು. "ಇದೇನ್ ಹಿಡ್ಕೊಂಡವ್ರೆ ನೋಡ್ಲಾ?" ಓದಿದೆವು. ವಿಮೆಯ ಕಂತು. ಅವ್ವ ಸತ್ತರೆ ಮೊದಲು ಕಂಪನಿಯ ಬಾಕಿ ತೀರುತ್ತದೆ. ಅವ್ವನಿಗೆ ಯಾರೂ ಹೇಳಿರಲಿಲ್ಲ, ರುಜು ಮಾತ್ರ ಹಾಕಿಸಿಕೊಂಡಿದ್ದರು. ಹಾಸ್ಟೆಲಿನ ಕೋಣೆಯಲ್ಲಿ ನಕ್ಕಿದ್ದು ನೆನಪಾಯಿತು. ಸಾಲ ಕೊಟ್ಟವನಿಗೆ ಸಾಲ ತಗೊಂಡವಳ ಜೀವದ ಮೇಲೆ ಹಿತಾಸಕ್ತಿ ಇದೆ. ತಾತನ ಕಾಲದಲ್ಲಿ ಆಗದಿದ್ದ ಕೆಲಸ ಮೊಮ್ಮಗನ ಕಾಲದಲ್ಲಿ ಆಗಿತ್ತು, ಕಂತೂ ನಮ್ಮದೇ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು ಅಂದರೆ ಹಳ್ಳಿಗಳಲ್ಲಿ ಏನು ನಡೆದಿತ್ತು ಅಂತ ಊಹಿಸಿ.

ಹಾಗಂತ ನಮ್ಮ ಜನ ಕೈಕಟ್ಟಿ ಕೂತವರಲ್ಲ. ಮದುವೆಗೆ, ಸಾವಿಗೆ ಮುಯ್ಯಿ ಇದೆ. ಯಾರು ಎಷ್ಟು ಕೊಟ್ಟರು ಅಂತ ಬರೆದಿಟ್ಟ ಮುಯ್ಯಿ ಪುಸ್ತಕ ಪ್ರತಿ ಮನೆಯ ಟ್ರಂಕಿನಲ್ಲಿದೆ. ನಾಟಿಗೆ ಮುಯ್ಯಾಳು ಇದೆ. ಚೀಟಿ ಇದೆ. ಹೆಣ ಎತ್ತಲು ಕೇರಿಯವರೆಲ್ಲ ಹತ್ತು, ಇಪ್ಪತ್ತು ಹಾಕುವ ಪದ್ಧತಿ ಇದೆ. ಇದು ಹಡದೆಯಂತಲ್ಲ. ಇಲ್ಲಿ ಕೊಡುವವನೂ ತಗೊಳ್ಳುವವನೂ ಒಂದೇ ನೆಲದ ಮೇಲೆ ಕೂತಿದ್ದಾರೆ. ಆದರೆ ಎಲ್ಲರೂ ಬಡವರಾದ ಕಡೆ, ಎಲ್ಲರಿಗೂ ಒಟ್ಟಿಗೆ ಬರ ಬಂದಾಗ ಮುಯ್ಯಿ ಸಾಲುವುದಿಲ್ಲ. ಅದಕ್ಕೇ ಬಾಬಾಸಾಹೇಬರು ಸರ್ಕಾರವನ್ನು ಕೇಳಿದ್ದು.

2019ರಲ್ಲಿ ಮಂಡ್ಯಕ್ಕೆ ವಿಶ್ವವಿದ್ಯಾನಿಲಯ ಬಂತು. 2025ರಲ್ಲಿ ಮುಚ್ಚಬೇಕಾದ 9 ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಬಂತು. ಬಸ್ ಪಾಸಿನಲ್ಲಿ ಓಡಾಡಿ ಓದುವ ಹುಡುಗಿಗೆ ಹತ್ತಿರದ ಕಾಲೇಜು ಏನು ಅಂತ ಪಟ್ಟಿ ಮಾಡಿದವರಿಗೆ ಗೊತ್ತಿಲ್ಲ. ಆ ಹೋರಾಟ ಇರಲಿ. ಅದರ ಜೊತೆಗೆ, ಒಳಗೆ ಏನು ಪಾಠ ಆಗುತ್ತಿದೆ ಅಂತಲೂ ಕೇಳಬೇಕು. ವಿಮೆ ಓದುವವನಿಗೆ ಹಳೇಮಗ ಯಾರು ಅಂತ ಗೊತ್ತಿರಬೇಕು. ಗ್ರಾಮೀಣ ಸಮಾಜಶಾಸ್ತ್ರ ಓದುವವಳಿಗೆ ಕಂತಿನ ಲೆಕ್ಕ ಬರಬೇಕು.

ಹಳ್ಳಿಯ ಮೇಷ್ಟ್ರುಗಳಲ್ಲಿ, ಓದುತ್ತಿರುವ ತಮ್ಮ ತಂಗಿಯರಲ್ಲಿ ನಮ್ಮದೊಂದು ಬೇಡಿಕೆ. ಬರುವ ಸುಗ್ಗಿಯ ರಜದಲ್ಲಿ ನಿಮ್ಮ ಕೇರಿಯ ಹತ್ತು ಮನೆಗೆ ಹೋಗಿ. ಒಂದು ನೋಟ್‌ಬುಕ್ ಹಿಡಿಯಿರಿ. ಹೋದ ವರ್ಷ ಎಷ್ಟು ದಿನ ಕೂಲಿ ತಪ್ಪಿತು, ಯಾಕೆ ತಪ್ಪಿತು, ಆ ದಿನಗಳಲ್ಲಿ ಏನು ಉಂಡರು, ಯಾರ ಹತ್ತಿರ ಎಷ್ಟು ಬಡ್ಡಿಗೆ ತಂದರು, ಯಾವ ಚೀಟಿಗೆ ರುಜು ಹಾಕಿದರು, ಇಷ್ಟು ಬರೆಯಿರಿ. ನಮ್ಮ ಆರು ಜನ ಶುರುಮಾಡಿದ್ದೇವೆ. ಮೊದಲ ಹಾಳೆಯಲ್ಲಿ ಆ ತಾತನ ಹೆಸರಿದೆ. "ನಷ್ಟ ಎಷ್ಟು ಅಂತ ಬರ್ಕೊಳ್ಳೋದು ತಾತ?" ಅಂತ ಕೇಳಿದ್ದಕ್ಕೆ, "ಎಷ್ಟ್ ವರ್ಸದ್ದು ಬರ್ಕೊತೀಯ, ಪುಸ್ತ್ಕ ದೊಡ್ದು ತಂದಿದ್ದೀಯೇನ್ಲಾ?" ಅಂದರು.